ಖಾಲಿ ಕೋಣೆಗಳಿಗೆ ಎಷ್ಟು ಜಾಗ

ಮಾರ್ಚ್ 4

ಚೂಟಿ,

ಲಕೋಟೆಯ ಮೇಲಿನ ಕೈಬರಹ ನೋಡಿಯೇ ನಿನ್ನ ಹುಬ್ಬು ಗಂಟಿಕ್ಕಿರುತ್ತದೆ. ಗಂಟಿಕ್ಕಲಿ. ಆದರೆ ಹರಿದು ಬುಟ್ಟಿಗೆ ಹಾಕುವ ಮೊದಲು ಪೂರ್ತಿ ಓದು. ನಾನು ಹಳೇ ಜಗಳ ಕೆದಕಲು ಬರೆಯುತ್ತಿಲ್ಲ, ಒಂದು ವ್ಯವಹಾರದ ಮಾತು ಕೇಳಲು ಬರೆಯುತ್ತಿದ್ದೇನೆ.

ಫೋನು ಮಾಡಬಾರದಿತ್ತೇ ಎನ್ನಬೇಡ. ನನ್ನ ಕಿವಿಗಳು ಈಗ ಓಲೆ ಹಾಕಿಕೊಳ್ಳುವುದಕ್ಕಷ್ಟೇ ಉಪಯೋಗ. ಡಾಕ್ಟರು ಕೊಟ್ಟ ಮಿಷನ್ನು ಸಿಕ್ಕಿಸಿಕೊಂಡರೆ ಜನರ ಮಾತಿಗಿಂತ ಅದರ ಕಿರುಚಾಟವೇ ಹೆಚ್ಚು. ಮೆಸೇಜು ಕಳಿಸಬಹುದು, ಆದರೆ ಆ ಸಣ್ಣ ಕಿಟಕಿಯಲ್ಲಿ ನನಗೆ ಮಾತೂ ಬರುವುದಿಲ್ಲ, ಜಗಳವೂ ಬರುವುದಿಲ್ಲ. ಬದುಕಿಡೀ ಊರವರ ದನಿ ಹಿಡಿದು ಅನ್ನ ತಿಂದವಳಿಗೆ ಕೊನೆಗೆ ಹೀಗಾಯಿತು. ನಗು ಬಂದರೆ ನಕ್ಕುಬಿಡು, ನನಗಂತೂ ಕೇಳಿಸುವುದಿಲ್ಲ.

ವಿಷಯ ಇಷ್ಟೇ. ನಾನೂ ನಿಮ್ಮಪ್ಪನೂ ಸೇರಿ ನಡೆಸಿದ ರೆಕಾರ್ಡಿಂಗ್ ಕೋಣೆಯನ್ನು ಬಿಟ್ಟುಕೊಡಬೇಕಂತೆ. ಕಟ್ಟಡದ ಮಾಲೀಕರ ಮಗ ಬಂದು, ಬಹಳ ಮರ್ಯಾದೆಯಿಂದ ಚೀಟಿಯಲ್ಲಿ ಬರೆದು ತೋರಿಸಿದ. ಆಗಸ್ಟ್ ಕೊನೆಯವರೆಗೆ ಸಮಯ. ಕಪಾಟುಗಳಲ್ಲಿ ಸೂರು ಮುಟ್ಟುವಷ್ಟು ಟೇಪಿನ ಸುರುಳಿಗಳಿವೆ. ಹಳೇ ಟೇಪು ಈಗ ಕಂದು ಪುಡಿ ಉದುರಿಸುತ್ತದೆ. ಒಂದು ಸಲ ಓಡಿಸಿದರೆ ನೆಟ್ಟಗೆ ಓಡೀತು, ಎರಡನೆಯ ಸಲಕ್ಕೆ ದೇವರೇ ಗತಿ. ಆ ಒಂದು ಓಟದಲ್ಲೇ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ ಹಾರ್ಡ್ ಡಿಸ್ಕಿಗೆ ತುಂಬಿಡಬೇಕು, ಹಳೇ ಕಂಪ್ಯೂಟರಿನ ಹೊಟ್ಟೆಯಲ್ಲಿ ಜಾಗವಿಲ್ಲ. ತಂತಿ ಜೋಡಿಸುವುದು, ಇಳಿಸುವುದು ಎಲ್ಲ ನನಗೆ ಬರುತ್ತದೆ. ಡಿಸ್ಕು ಕೊಳ್ಳುವುದೇ ಬರುವುದಿಲ್ಲ.

ನನ್ನ ಕೈಲಿರುವ ದುಡ್ಡಿಗೆ ದೊಡ್ಡ ಅಂಗಡಿಯಲ್ಲಿ ಅಂಗೈಯಗಲದ ಒಂದು ಸಣ್ಣ ಡಿಸ್ಕು ಸಿಗುತ್ತದೆ. ಹೆಸರಿನ ಕಂಪನಿ, ಐದು ವರ್ಷದ ಗ್ಯಾರಂಟಿ, ಆದರೆ ನನ್ನ ಅರ್ಧ ಕಪಾಟು ಕೂಡ ಅದರಲ್ಲಿ ಹಿಡಿಯುವುದಿಲ್ಲ. ಅದೇ ದುಡ್ಡಿನ ಅರ್ಧಕ್ಕೆ ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ಅದಕ್ಕಿಂತ ಎಂಟು ಪಟ್ಟು ದೊಡ್ಡದು ಇದೆ. ಹೆಸರಿಲ್ಲ, ಗ್ಯಾರಂಟಿ ಮಾರುವವನ ನಗುವಿನಲ್ಲಿದೆ. ನೀನು ಆಸ್ಪತ್ರೆಯ ಖರೀದಿ ವಿಭಾಗದಲ್ಲಿ ಕೂತು ಹತ್ತಿಯಿಂದ ಹಿಡಿದು ಹಾಸಿಗೆಯವರೆಗೆ ಮೂರು ಮೂರು ಕೊಟೇಶನ್ ತರಿಸಿ ಅಳೆದು ತೂಗುವವಳು. ಯಾವುದು ಕೊಳ್ಳಲಿ, ಹೇಳು.

ಅತ್ತಿಗೆಯ ಸೊಂಟ ಮುರಿಯಿತೆಂದು ಬೇರೆಯವರಿಂದ ತಿಳಿಯಿತು. ನೀನೇ ತಿಳಿಸಬಹುದಿತ್ತು.

ಕೋಪ ಮಾಡಿಕೊಂಡರೂ ಸಂಬಂಧ ತಪ್ಪದ
ನಿನ್ನ ಅತ್ತೆ


ಮಾರ್ಚ್ 19

ಅತ್ತೆಯವರಿಗೆ,

ನಿಮ್ಮ ಕಾಗದ ಬಂತು. ಹರಿಯಲಿಲ್ಲ.

ಸಣ್ಣದನ್ನೇ ಕೊಳ್ಳಿ. ಖರೀದಿಯಲ್ಲಿ ನಾವು ಹೊಸಬರಿಗೆ ಮೊದಲು ಕೇಳುವುದು, ಈ ವಸ್ತು ಕೈಕೊಟ್ಟರೆ ಏನು ಹೋಗುತ್ತದೆ ಎಂದು. ಪೊರಕೆ ಮುರಿದರೆ ಪೊರಕೆ ಹೋಗುತ್ತದೆ, ಅಗ್ಗದ್ದು ತಂದರೂ ನಡೆಯುತ್ತದೆ. ಡಿಸ್ಕು ಕೆಟ್ಟರೆ ಡಿಸ್ಕಿನ ಬೆಲೆಯಷ್ಟೇ ಹೋಗುವುದಿಲ್ಲ, ಒಳಗಿದ್ದದ್ದೂ ಹೋಗುತ್ತದೆ. ಅದಕ್ಕೆ ಚೌಕಾಸಿ ಸಲ್ಲದು.

ಎಲ್ಲ ಹಿಡಿಯುವುದಿಲ್ಲ ಎಂದಿರಿ. ಎಲ್ಲ ಯಾಕೆ ಬೇಕು? ಚಿಕ್ಕವಳಿದ್ದಾಗ ನಾನು ಆ ಕಪಾಟುಗಳ ಮುಂದೆ ಕೂತು ಅಕ್ಷರ ಓದಲು ಕಲಿತವಳು. ಮೇಲಿನ ಸಾಲುಗಳಲ್ಲಿ ಹಾಡುಗಾರರು, ಭಾಷಣಕಾರರು, ನಾಟಕದವರು. ಕೆಳಗಿನ ಅಷ್ಟೂ ಸಾಲುಗಳ ಮೇಲೆ ಅಪ್ಪನ ಕೈಬರಹದಲ್ಲಿ 'ಶಾಲೆ, ಖಾಲಿ ಕೋಣೆ', 'ಗಿರಣಿ, ಖಾಲಿ ಕೋಣೆ'. ಒಮ್ಮೆ ಹಾಕಿ ಕೇಳಿಸಿ ಎಂದು ಹಟ ಹಿಡಿದಿದ್ದೆ. ನೀವು ಹಾಕಿದಿರಿ, ಏನೂ ಇರಲಿಲ್ಲ. ಅವುಗಳನ್ನು ಬಿಟ್ಟುಬಿಡಿ. ಏನೂ ಇಲ್ಲದ್ದನ್ನು ಇಡಲು ದುಡ್ಡು ಸುರಿಯುವುದೆಂದರೆ ಮೂಗಿಗಿಂತ ಮೂಗುತಿ ಭಾರ.

ಜಗಳದ ಮಾತು ನೀವೇ ಎತ್ತಿದ್ದರಿಂದ ಒಂದು ಸಾಲು ಬರೆಯುತ್ತೇನೆ. ಅಪ್ಪ ಹೋದಾಗ ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಆಗ ಯಾರ ಜೇಬಿನಲ್ಲೂ ವಿಡಿಯೊ ತೆಗೆಯುವ ಫೋನಿರಲಿಲ್ಲ. ಬಂದ ಜನ ಎದ್ದು ಹೋದ ಮೇಲೆ ನಿಮ್ಮ ಹತ್ತಿರ ಬಂದು ಅಪ್ಪನ ದನಿ ಇರುವ ಒಂದೇ ಒಂದು ತುಂಡು ಕೊಡಿ ಎಂದು ಕೇಳಿದೆ. "ಒಂದೂ ಇಲ್ಲ. ಎಲ್ಲ ಕತ್ತರಿಸಿ ಎಸೆದಿದ್ದೀನಿ" ಅಂದಿರಿ. ಕಾಫಿ ಮುಗಿದಿದೆ ಎನ್ನುವ ಹಾಗೆ ಅಂದಿರಿ. ಊರಿನ ಸಾವಿರ ಜನರ ದನಿ ಆ ಕೋಣೆಯಲ್ಲಿದೆ, ಅವುಗಳನ್ನು ಹಿಡಿದ ಮನುಷ್ಯನ ಒಂದು ಮಾತಿಲ್ಲ. ಅಮ್ಮ ಆ ಕೋಣೆಯನ್ನು ಸವತಿ ಎಂದೇ ಕರೆಯುತ್ತಿದ್ದಳು. ನನಗೆ ಆಗ ಅದು ತಮಾಷೆಯೆನಿಸುತ್ತಿತ್ತು.

ಅಮ್ಮನಿಗೆ ಶಸ್ತ್ರಚಿಕಿತ್ಸೆ ಆಗಿದೆ. ಹಾಸಿಗೆ ಬಿಟ್ಟು ಏಳುವ ಹಾಗಿಲ್ಲ, ನಾನು ಊರು ಬಿಟ್ಟು ಬರುವ ಹಾಗಿಲ್ಲ.

ಇಂತಿ,
ನಿಮ್ಮ ಅಣ್ಣನ ಮಗಳು


ಏಪ್ರಿಲ್ 2

ಚೂಟಿ,

ಸಲಹೆ ಕೇಳಿದರೆ ಪಾಠ ಬಂತು. ಇರಲಿ, ನಿನ್ನ ಸಂಬಳವೇ ಅದಕ್ಕೆ.

ಆದರೆ 'ಏನೂ ಇರಲಿಲ್ಲ' ಎಂದು ಬರೆದೆಯಲ್ಲ, ಅದನ್ನು ಓದಿ ಮೈಯೆಲ್ಲ ಉರಿಯಿತು. ಯಾವ ಕೋಣೆಯೂ ಪೂರ್ತಿ ಸುಮ್ಮನಿರುವುದಿಲ್ಲ ಕಣೆ. ಹೊರಗೆ ದೂರದ ಗಾಡಿ, ಗೋಡೆಯೊಳಗಿನ ನೀರಿನ ಕೊಳವೆ, ಟ್ಯೂಬ್‌ಲೈಟಿನ ಗುಂಯ್, ಕಿಟಕಿಯ ಸಂದಿನ ಗಾಳಿ, ಎಲ್ಲ ಸೇರಿ ಒಂದೊಂದು ಕೋಣೆಗೂ ಅದರದೇ ಒಂದು ಮೌನ. ಭಾಷಣಕಾರ ನಡುವೆ ಕೆಮ್ಮಿದ ಅಂದುಕೋ. ಕೆಮ್ಮನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದ ಮೇಲೆ ಆ ಜಾಗಕ್ಕೆ ಬರೀ ಟೇಪು ಹಾಕಿದರೆ ಕೇಳುವವನಿಗೆ ಕಿವಿ ಮುಚ್ಚಿದ ಹಾಗಾಗುತ್ತದೆ. ಸೀರೆ ಹರಿದರೆ ಅದೇ ಸೀರೆಯ ಸೆರಗಿನ ತುಂಡಿನಿಂದ ತೇಪೆ ಹಾಕಬೇಕು. ಅದಕ್ಕೇ ಪ್ರತಿ ಕೆಲಸ ಮುಗಿದ ಮೇಲೆ ಅಣ್ಣ ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಹಾಕಿ, ಮೈಕಿನ ಪಕ್ಕ ನಿಂತು ಕೈ ಎತ್ತುತ್ತಿದ್ದ. ನಾನು ಮೂಲೆಯಲ್ಲಿ ಯಂತ್ರ ಓಡಿಸುತ್ತಿದ್ದೆ. ಅವನು ಕೈ ಇಳಿಸುವವರೆಗೆ ಇಬ್ಬರೂ ಕಂಬಗಳು. ಆ ಮೌನಗಳ ಮೇಲೆ ನಮ್ಮ ಹೆಸರು ನಿಂತಿತ್ತು. ನಮ್ಮ ಕೆಲಸದಲ್ಲಿ ತೇಪೆ ಎಲ್ಲಿದೆ ಎಂದು ಯಾರಿಂದಲೂ ತೋರಿಸಲಾಗಲಿಲ್ಲ.

ಇನ್ನು ದನಿಯ ವಿಷಯ. ಪ್ರತಿ ಟೇಪಿನ ಶುರುವಿಗೆ ಅಣ್ಣನ ದನಿ ಇರುತ್ತಿತ್ತು, ಇಂಥವರ ಭಾಷಣ, ಇಂಥ ದಿನ ಎಂದು. ಅದನ್ನು ಕತ್ತರಿಸಿ ತೆಗೆಯುವುದೇ ನನ್ನ ಕೆಲಸವಾಗಿತ್ತು. ಗಿರಾಕಿಗೆ ಬೇಕಾದದ್ದು ಭಾಷಣಕಾರನ ದನಿ, ಅಣ್ಣನದಲ್ಲ. ನೀನು ಕೇಳಿದ ದಿನ ನಾನು ನಿಜ ಹೇಳಿದೆ. ಸುಳ್ಳು ಹೇಳಿ ಹುಡುಕುತ್ತೇನೆ ಎಂದಿದ್ದರೆ ಇಷ್ಟು ವರ್ಷ ನೀನು ಕಾಯುತ್ತಿದ್ದೆ. ಅದು ಒಳ್ಳೆಯದಿತ್ತೇ?

ಹೇಗೂ ಒಂದನ್ನೂ ಬಿಡುವುದಿಲ್ಲವೆಂದು ದೊಡ್ಡ ಡಿಸ್ಕನ್ನೇ ಕೊಂಡೆ. ಬಸ್ ನಿಲ್ದಾಣದ ಹಿಂದೆ ಹೋಗಿ ಅರ್ಧ ದಿನ ಚೌಕಾಸಿ ಮಾಡಿದೆ. ಅವನು ಹೇಳಿದ್ದು ನನಗೆ ಕೇಳಿಸುವುದಿಲ್ಲ, ನಾನು ಹೇಳಿದ್ದಕ್ಕಿಂತ ಮೇಲೆ ನಾನು ಏರುವುದಿಲ್ಲ. ಕಿವುಡಿಯ ಜೊತೆ ಚೌಕಾಸಿ ಮಾಡಿ ಗೆದ್ದವರುಂಟೇ? ಪಕ್ಕದ ಅಂಗಡಿಯವರೆಲ್ಲ ಬಂದು ನಿಂತು ನೋಡಿದರು. ಕೊನೆಗೆ ಅವನು ಕೈಮುಗಿದು ಕೊಟ್ಟುಬಿಟ್ಟ, ಮೇಲೊಂದು ತಂತಿಯನ್ನೂ ಚೀಲವನ್ನೂ ಕೊಟ್ಟ. ಮನೆಗೆ ತಂದು ಚುಚ್ಚಿ ನೋಡಿದರೆ ಕಂಪ್ಯೂಟರು ಅಷ್ಟೂ ಜಾಗ ತೋರಿಸಿತು. ಖರೀದಿ ವಿಭಾಗ ನನ್ನಿಂದ ಕಲಿಯುವುದು ಬಹಳ ಇದೆ.

ಗೆದ್ದ ಖುಷಿಯಲ್ಲಿರುವ
ಅತ್ತೆ


ಏಪ್ರಿಲ್ 15

ಅತ್ತೆ,

ಆ ಬೆಲೆಗೆ ಅಷ್ಟು ಜಾಗ ಜಗತ್ತಿನಲ್ಲಿ ಯಾರೂ ಕೊಡಲಾರರು. ಅವನು ಚೌಕಾಸಿಯಲ್ಲಿ ಸೋತನೆಂದು ನೀವು ತಿಳಿದಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ. ಮಾರುವವನು ಅಷ್ಟು ಸುಲಭವಾಗಿ ಸೋತರೆ ನಾವು ಇಲ್ಲಿ ಆ ಕೊಟೇಶನ್ನನ್ನೇ ಪಕ್ಕಕ್ಕಿಡುತ್ತೇವೆ. ದಯವಿಟ್ಟು ಅದಕ್ಕೆ ತುಂಬುವ ಮೊದಲು ಯಾರಿಗಾದರೂ ತೋರಿಸಿ. ತುಂಬುವುದಿದ್ದರೂ ಒಂದೊಂದು ತುಂಬಿದ ಮೇಲೆ ಮತ್ತೆ ತೆರೆದು ಕೇಳಿ ನೋಡಿ.

ಕೇಳಿ ನೋಡಿ ಎಂದು ಬರೆದ ಮೇಲೆ ಯೋಚನೆಗೆ ಬಂತು. ಕ್ಷಮಿಸಿ. ಪಕ್ಕದವರು ಯಾರಿಗಾದರೂ ಕೇಳಿಸಿ.

ಕೈ ಎತ್ತಿ ನಿಲ್ಲುವ ವಿಷಯ ಬರೆದಿರಿ. ಅಪ್ಪ ಮನೆಯಲ್ಲೂ ಹಾಗೆಯೇ ಮಾಡುತ್ತಿದ್ದರು. ನಾನೂ ಅಮ್ಮನೂ ಊಟದ ಹೊತ್ತಿನಲ್ಲಿ ವಾದಕ್ಕೆ ಬಿದ್ದರೆ ತುತ್ತು ಬಾಯಲ್ಲಿಟ್ಟುಕೊಂಡೇ ಕೈ ಮೇಲೆತ್ತುತ್ತಿದ್ದರು. ನಾವಿಬ್ಬರೂ ತೆಪ್ಪಗಾಗುತ್ತಿದ್ದೆವು. ಸ್ವಲ್ಪ ಹೊತ್ತಾದ ಮೇಲೆ ಯಾರಾದರೊಬ್ಬರಿಗೆ ನಗು ಬಂದು ವಾದವೇ ಮರೆತುಹೋಗುತ್ತಿತ್ತು. ಅದು ಕೆಲಸದ ಅಭ್ಯಾಸ ಎಂದು ನನಗೆ ಈಗ ಗೊತ್ತಾಯಿತು. ಅಮ್ಮನಿಗೆ ಓದಿ ಹೇಳಿದೆ. "ಹೌದಾ, ಅಲ್ಲಿ ಕಲಿತು ಬಂದಿದ್ದಾ" ಅಂದಳು. ಎಷ್ಟೋ ದಿನದ ಮೇಲೆ ಆ ಕೋಣೆಯ ಬಗ್ಗೆ ಅವಳ ಬಾಯಿಂದ ಬೈಗುಳವಿಲ್ಲದ ಮಾತು ಬಂತು.

ಡಿಸ್ಕು ತೋರಿಸುವುದನ್ನು ಮರೆಯಬೇಡಿ.

ಚೂಟಿ


ಜೂನ್ 20

ಚೂಟಿ,

ಮುಗಿಯಿತು. ಒಂದೂ ಬಿಡದೆ ಎಲ್ಲ ಇಳಿಸಿದೆ. ಹೆಸರುಗಳೆಲ್ಲ ಸಾಲಾಗಿ ಕೂತಿವೆ, ಒಂದೊಂದನ್ನೂ ಕಪಾಟಿನ ಜೊತೆ ಹೋಲಿಸಿ ನೋಡಿದೆ. ಯಾರಿಗೂ ಕೇಳಿಸಲಿಲ್ಲ. ನನ್ನ ಕೆಲಸವನ್ನು ಪಕ್ಕದ ಮನೆಯವರಿಂದ ಪರೀಕ್ಷೆ ಮಾಡಿಸುವ ಗತಿ ನನಗೆ ಬಂದಿಲ್ಲ. ಇದನ್ನು ಓದಿ ಹಲ್ಲು ಕಡಿಯಬೇಡ. ಮುಂದಿನದು ಮುಖ್ಯ.

ಮೇಲಿನ ಸಾಲು ಮೊದಲು ಮುಗಿಸಿ, ಖಾಲಿ ಕೋಣೆಗಳನ್ನು ಕೊನೆಗೆ ಇಟ್ಟುಕೊಂಡಿದ್ದೆ. ನನಗೆ ಕೇಳಿಸುವುದಿಲ್ಲವಾದ್ದರಿಂದ ಯಂತ್ರದ ಮೇಲಿನ ಮೀಟರಿನ ಮುಳ್ಳನ್ನೇ ನೋಡುತ್ತ ಕೂರುತ್ತೇನೆ. ಮಾತು ಜೋರಾದರೆ ಮುಳ್ಳು ಕುಣಿಯುತ್ತದೆ, ಸುಮ್ಮನಾದರೆ ಮಲಗುತ್ತದೆ. ಖಾಲಿ ಕೋಣೆಯ ಟೇಪಿಗೆ ಮುಳ್ಳು ಮಲಗಿಯೇ ಇರಬೇಕು. ಮಲಗಲಿಲ್ಲ. ಒಂದಿಷ್ಟು ಏಳುತ್ತದೆ, ಇಳಿಯುತ್ತದೆ, ಸ್ವಲ್ಪ ತಡೆದು ಮತ್ತೆ ಏಳುತ್ತದೆ. ಯಂತ್ರ ಕೆಟ್ಟಿತೆಂದು ಒಂದು ಪೆಟ್ಟು ಕೊಟ್ಟೆ. ಇನ್ನೊಂದು ಸುರುಳಿ ಹಾಕಿದೆ. ಅದೂ ಹಾಗೆಯೇ. ಶಾಲೆಯಲ್ಲೂ ಹಾಗೆಯೇ, ಗಿರಣಿಯಲ್ಲೂ ಹಾಗೆಯೇ.

ಅದು ಅಣ್ಣನ ಉಸಿರು ಕಣೆ. ಅವನಿಗೆ ಚಿಕ್ಕಂದಿನಿಂದ ಗೂರಲು ಇತ್ತಲ್ಲ, ಅಂಗಾತ ಮಲಗಿದರೆ ಇನ್ನೂ ಜೋರು. ಮೈಕಿನ ಪಕ್ಕ ನಿಂತರೆ ಅವನ ಎದೆಯ ಗೊರಗೊರ ಟೇಪಿಗೆ ಬೀಳುತ್ತಿತ್ತು. ಕಿವಿ ನೆಟ್ಟಗಿದ್ದ ಕಾಲದಲ್ಲಿ ಅದು ನನಗೆ ಒಂದು ಕಾಟ. ಉಸಿರು ಬಿಗಿಹಿಡಿ ಎಂದು ಬೈಯುತ್ತಿದ್ದೆ. ಅವನು ಹಿಡಿಯುತ್ತಿದ್ದ, ಮುಖ ಕೆಂಪಾಗುತ್ತಿತ್ತು, ಕೊನೆಗೆ ಬಿಟ್ಟುಬಿಡುತ್ತಿದ್ದ. ತೇಪೆ ಹಾಕುವಾಗ ಎರಡು ಉಸಿರಿನ ನಡುವಿನ ತುಂಡು ಹುಡುಕಿ ಹುಡುಕಿ ಕತ್ತರಿಸಿಕೊಳ್ಳುತ್ತಿದ್ದೆ. ಅದನ್ನು ಅಣ್ಣ ಎಂದು ನಾನು ಯಾವತ್ತೂ ಎಣಿಸಲಿಲ್ಲ, ಅದು ಬರೀ ಗಲಾಟೆಯಾಗಿತ್ತು. ಈಗ ಕಿವಿ ಹೋದ ಮೇಲೆ ಕಣ್ಣಿಗೆ ಕಂಡಿತು. ಆ ಮುಳ್ಳು ಅವನ ಎದೆಯ ಹಾಗೇ ಏಳುತ್ತಿತ್ತು. ಕುರ್ಚಿಯ ಮೇಲೆ ಕೂತು ಹೋ ಎಂದು ಅತ್ತುಬಿಟ್ಟೆ. ಎಷ್ಟು ಜೋರಾಗಿ ಅತ್ತೆನೋ ತಿಳಿಯದು, ಕೆಳಗಿನ ಗಡಿಯಾರದ ಅಂಗಡಿಯವರು ಮೇಲೆ ಓಡಿಬಂದಿದ್ದರು.

ನೀನು ಮಾತು ಕೇಳಿದ್ದೆ. ಮಾತಿಲ್ಲ, ಉಸಿರಿದೆ. ಅದೂ ಒಂದೆರಡಲ್ಲ, ಕೆಳಗಿನ ಸಾಲುಗಳ ತುಂಬ. ಡಿಸ್ಕನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ. ನನಗೆ ಕಂಡದ್ದು ನಿನಗೆ ಕೇಳಿಸಲಿ. ಕೇಳಿದ ತಕ್ಷಣ ಹೇಗಿದೆ ಎಂದು ಬರೆ. ನನಗೆ ಅದು ಹೇಗಿತ್ತೆಂದು ಮರೆತುಹೋಗುತ್ತಿದೆ.

ಕಾಯುತ್ತಿರುವ
ಅತ್ತೆ


ಜುಲೈ 3

ಅತ್ತೆ,

ಈ ಕಾಗದವನ್ನು ಮೂರು ಸಲ ಬರೆದು ಹರಿದೆ. ಕೂತುಕೊಂಡು ಓದಿ.

ಡಿಸ್ಕು ಬಂದ ಸಂಜೆಯೇ ಆಫೀಸಿನ ಒಳ್ಳೆಯ ಹೆಡ್‌ಫೋನ್ ತಂದು, ಬಾಗಿಲು ಕಿಟಕಿ ಹಾಕಿ, ನೇರ ಖಾಲಿ ಕೋಣೆಗಳನ್ನೇ ತೆರೆದೆ. ಓಡಿತು. ಏನೂ ಕೇಳಿಸಲಿಲ್ಲ. ದನಿ ಹೆಚ್ಚಿಸಿದೆ, ಆಗಲೂ ಇಲ್ಲ. ನನ್ನ ಕಿವಿಗೆ ಅಭ್ಯಾಸವಿಲ್ಲ, ತಾಳ್ಮೆ ಬೇಕು ಎಂದುಕೊಂಡು ಆ ಸಂಜೆ, ಮರುದಿನ ಸಂಜೆ ಕಣ್ಣು ಮುಚ್ಚಿ ಕೂತೆ. ಒಂದೊಂದು ಸಲ ಕೇಳಿಸಿತು ಎನಿಸುತ್ತಿತ್ತು, ನೋಡಿದರೆ ಅದು ನನ್ನದೇ ಉಸಿರು. ನಿಮಗೆ ಕಂಡದ್ದು ನನಗೆ ಯಾಕೆ ಕೇಳಿಸುತ್ತಿಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಮಗಳಾಗಿ ಇಷ್ಟೂ ಗುರುತು ಹಿಡಿಯಲಾರೆನೇ ಎಂದು.

ಬೇಸತ್ತು ಮನಸ್ಸು ಬದಲಾಗಲೆಂದು ಒಂದು ನಾಟಕ ಹಾಕಿದೆ. ನಾಟಕವೂ ಸುಮ್ಮನೆ ಓಡಿತು. ಯಾರೂ ಬಾಯಿಯೇ ಬಿಡದ ನಾಟಕ ಎಲ್ಲಾದರೂ ಇರುತ್ತದೆಯೇ? ಇನ್ನೊಂದು ಹಾಕಿದೆ, ಅದು ತೆರೆಯಲೇ ಇಲ್ಲ.

ಮರುದಿನ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದವರಿಗೆ ತೋರಿಸಿದೆ. ಅವರು ಡಿಸ್ಕಿನ ಮುಚ್ಚಳ ಬಿಚ್ಚಿದರು. ಅಷ್ಟು ದೊಡ್ಡ ಡಬ್ಬಿಯೊಳಗೆ ಉಗುರಿನಷ್ಟು ಒಂದು ಮೆಮೊರಿ ಕಾರ್ಡು, ತೂಕ ಬರಲೆಂದು ಅಂಟಿಸಿದ ಒಂದು ಕಬ್ಬಿಣದ ತುಂಡು. ಕಂಪ್ಯೂಟರು ಕೇಳಿದರೆ ದೊಡ್ಡದಿದ್ದೇನೆ ಎಂದು ಸುಳ್ಳು ಹೇಳುವಂತೆ ಅದನ್ನು ಮಾಡಿಟ್ಟಿರುತ್ತಾರಂತೆ. ತುಂಬಿದ ಮೇಲೆ ಬಂದದ್ದಕ್ಕೆ ಹೆಸರು ಮಾತ್ರ ಬರೆದುಕೊಳ್ಳುತ್ತದಂತೆ, ಒಳಗೆ ಏನೂ ಇಡುವುದಿಲ್ಲವಂತೆ. ಮೊದಲು ಇಳಿಸಿದ ಹಾಡು ಭಾಷಣಗಳು ಒಂದಿಷ್ಟು ಚೆನ್ನಾಗಿವೆ. ಅವನ್ನು ಬೇರೆ ಕಡೆ ಎತ್ತಿಟ್ಟಿದ್ದೇನೆ. ಉಳಿದದ್ದೆಲ್ಲ ಬರೀ ಹೆಸರು. ಖಾಲಿ ಕೋಣೆಗಳನ್ನು ನೀವು ಕೊನೆಗೆ ಇಳಿಸಿದ್ದಿರಿ.

ನಾನು ಹೇಳಿದ್ದೆ ಎಂದು ಬರೆದು ಅದನ್ನು ಹೊಡೆದುಹಾಕಿದ್ದೇನೆ, ನಿಮಗೆ ಕಾಣಿಸಿರುತ್ತದೆ. ಸಿಟ್ಟಿದೆ ಅತ್ತೆ, ಇಲ್ಲವೆನ್ನುವುದಿಲ್ಲ. ಅಪ್ಪ ಇಲ್ಲ ಎಂದು ಅಭ್ಯಾಸವಾಗಿತ್ತು. ನೀವು ಇದ್ದಾರೆ ಎಂದು ಬರೆದಿರಿ, ನಾನು ಎರಡು ಸಂಜೆ ಅವರಿಗಾಗಿ ಕಾದೆ.

ಟೇಪುಗಳು ಇನ್ನೂ ಇವೆಯೇ? ಎರಡನೆಯ ಸಲ ಓಡುತ್ತವೆಯೇ?

ಚೂಟಿ


ಜುಲೈ 11

ಚೂಟಿ,

ಇವೆ. ಎಸೆದಿಲ್ಲ. ಓಡುತ್ತವೋ ಇಲ್ಲವೋ ಓಡಿಸಿದ ಮೇಲೆಯೇ ಗೊತ್ತು.

ಬಸ್ ನಿಲ್ದಾಣದ ಹಿಂದೆ ಹೋಗಿದ್ದೆ. ಅವನ ಜಾಗದಲ್ಲಿ ಈಗ ಛತ್ರಿ ಮಾರುವವಳು ಕೂತಿದ್ದಾಳೆ. ಜಗಳಕ್ಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಹೋದ ಮಾತೆಲ್ಲ ಹಾಗೇ ವಾಪಸು ಬಂತು. ಅವನು ಕೈಮುಗಿದದ್ದು ನೆನಪಾದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಅಲ್ಲಿಂದ ನೇರ ದೊಡ್ಡ ಅಂಗಡಿಗೆ ಹೋಗಿ, ತಿಂಗಳ ಖರ್ಚಿಗೆಂದು ಇಟ್ಟಿದ್ದನ್ನೂ ಸೇರಿಸಿ ಸಣ್ಣ ಡಿಸ್ಕು ಕೊಂಡೆ. ಚೌಕಾಸಿ ಮಾಡಲಿಲ್ಲ. ಏನು ತುಂಬಿಸುತ್ತೀರಿ ಎಂದು ಅಂಗಡಿಯವನು ಚೀಟಿಯಲ್ಲಿ ಬರೆದು ಕೇಳಿದ. ಖಾಲಿ ಕೋಣೆ ಎಂದೆ. ಖಾಲಿ ಇಡಲು ಇಷ್ಟು ದುಬಾರಿಯದು ಯಾಕಮ್ಮ ಎಂದು ಬರೆದ. ನಿನ್ನ ಕೆಲಸ ನೋಡಿಕೋ ಎಂದೆ. ಅವನದೇನೂ ತಪ್ಪಿರಲಿಲ್ಲ.

ಈಗ ಕೆಲಸ ಹೀಗೆ. ಡಿಸ್ಕು ಸಣ್ಣದು, ದಿನಗಳೂ ಕಡಿಮೆ, ಟೇಪು ಪುಡಿಯಾಗುತ್ತಿದೆ. ನಾಟಕಗಳೂ ಭಾಷಣಗಳೂ ಒಂದು ಕಡೆ, ಖಾಲಿ ಕೋಣೆಗಳು ಒಂದು ಕಡೆ. ಎರಡೂ ಆಗುವುದಿಲ್ಲ. ನನಗೆ ನಿದ್ದೆ ಬರುತ್ತಿಲ್ಲ, ನೀನು ಏನೂ ಸಲಹೆ ಕೊಡಬೇಡ.

ಅತ್ತೆ


ಆಗಸ್ಟ್ 27

ಚೂಟಿ,

ಕೋಣೆಯ ಬೀಗದ ಕೈ ಇವತ್ತು ಕೊಟ್ಟುಬಂದೆ. ಗೋಡೆಗೆ ಹೊದಿಸಿದ್ದ ದಪ್ಪ ಕಂಬಳಿಗಳನ್ನು ಕಿತ್ತಾಗ ಹಿಂದಿನ ಬಣ್ಣ ಕಾಣಿಸಿತು. ನಾವು ಬಂದಾಗ ಇದ್ದ ತಿಳಿಹಸಿರು. ಅಣ್ಣ ಆ ಬಣ್ಣ ನೋಡಿ ಆಸ್ಪತ್ರೆಯ ಹಾಗಿದೆ ಎಂದು ಮೂಗು ಮುರಿದಿದ್ದ. ಆಗ ನಮ್ಮಿಬ್ಬರ ಹತ್ತಿರ ಒಂದು ಯಂತ್ರ, ಒಂದು ಮೈಕು, ಕುರ್ಚಿಯೂ ಒಂದೇ. ಸರದಿಯ ಮೇಲೆ ಕೂರುತ್ತಿದ್ದೆವು. ಗಿರಾಕಿ ಬಂದರೆ ಇಬ್ಬರೂ ನಿಲ್ಲುತ್ತಿದ್ದೆವು. ಬಾಡಿಗೆ ಕಟ್ಟಿದ ದಿನ ಊಟಕ್ಕೆ ಬರೀ ಬನ್ನು. ಆದರೂ ಬೆಳಿಗ್ಗೆ ಆ ಮೆಟ್ಟಿಲು ಹತ್ತುವಾಗ ಇಬ್ಬರೂ ಓಡುತ್ತಿದ್ದೆವು, ಯಾರು ಮೊದಲು ಬಾಗಿಲು ತೆಗೆಯುವುದು ಎಂದು. ಇವತ್ತು ಇಳಿಯುವಾಗ ಮೆಟ್ಟಿಲ ಕಂಬಿ ಹಿಡಿದು ಇಳಿದೆ.

ಖಾಲಿ ಕೋಣೆಗಳನ್ನೇ ಇಳಿಸಿದೆ. ಮೇಲಿನ ಸಾಲಿನ ದೊಡ್ಡವರನ್ನು ಬಿಟ್ಟೆ. ಒಬ್ಬ ಮುದಿ ಗಾಯಕಿ ಕೊನೆಯ ಸಲ ಹಾಡಿದ್ದು ನಮ್ಮ ಮುಂದೆಯೇ, ಅವಳ ಸುರುಳಿಯನ್ನು ಎರಡು ಸಲ ಯಂತ್ರಕ್ಕೆ ಏರಿಸಿ, ಓಡಿಸದೆ ತೆಗೆದಿಟ್ಟೆ. ಕೊನೆಗೆ ನನಗೆ ಹೊಳೆದದ್ದು ಇದು. ಅವಳು ಹಾಡಿದ್ದನ್ನು ಬೇರೆ ಯಾರಾದರೂ, ಎಲ್ಲಾದರೂ ಹಿಡಿದಿಟ್ಟಿದ್ದಾರು. ಆ ಕೋಣೆಗಳಲ್ಲಿ ಎಲ್ಲರೂ ಹೊರಗೆ ಹೋದ ಮೇಲೆ ಅಣ್ಣ ನಿಂತದ್ದನ್ನು ಬೇರೆ ಯಾರೂ ಹಿಡಿದಿಲ್ಲ. ಉಳಿದ ಸುರುಳಿಗಳನ್ನು ಗ್ರಂಥಾಲಯದವರು ತೆಗೆದುಕೊಂಡು ಹೋದರು. ಓಡಿಸುವ ಯಂತ್ರ ಅವರ ಹತ್ತಿರವಿಲ್ಲ. ಇಡಲು ಜಾಗವಿದೆಯಂತೆ.

ಎರಡನೆಯ ಓಟದಲ್ಲಿ ಬಹಳ ಹೋದವು. ಗಿರಣಿಯದು ನಡುವೆಯೇ ತುಂಡಾಯಿತು. ಶಾಲೆಯದು ಪುಡಿ ಕಟ್ಟಿಕೊಂಡು ನಿಂತೇಹೋಯಿತು. ಮುಳ್ಳು ಚೆನ್ನಾಗಿ ಆಡಿದ್ದು ಕೆಲವೇ. ಇಳಿಸಿದ ಪ್ರತಿಯೊಂದನ್ನೂ ಕೆಳಗಿನ ಗಡಿಯಾರದ ಅಂಗಡಿಯವರನ್ನು ಕರೆದು ಕೇಳಿಸಿದೆ. ಹೌದು, ಕೇಳಿಸಿದೆ. ನಿನ್ನ ಮಾತು ಕೇಳಿದೆ ಎಂದು ಬೀಗಬೇಡ. ಅವರು ಕೈಯನ್ನು ಎದೆಯ ಮೇಲಿಟ್ಟು ಏಳಿಸಿ ಇಳಿಸಿ ತೋರಿಸಿದರು.

ಇಷ್ಟೇ ಉಳಿದದ್ದು. ನಿನಗೆ ಸಾಲದಿದ್ದರೆ ಬೈದು ಬರೆ. ನನಗೆ ಬೈಗುಳ ಓದಿ ಅಭ್ಯಾಸವಿದೆ, ನೀನು ಬರೆಯದಿದ್ದರೆ ಮಾತ್ರ ಅಭ್ಯಾಸವಿಲ್ಲ.

ಅತ್ತಿಗೆಗೆ ನನ್ನ ನೆನಪು ಹೇಳು, ಅವಳು ಕೇಳಿಸಿಕೊಳ್ಳುವ ಮನಸ್ಸಿನಲ್ಲಿದ್ದರೆ.

ಕೆಲಸ ಮುಗಿಸಿದ
ಅತ್ತೆ


ಸೆಪ್ಟೆಂಬರ್ 5

ಅತ್ತೆ,

ಮೊದಲು ವ್ಯವಹಾರ. ಡಿಸ್ಕು ಭದ್ರವಾಗಿ ಬಂತು. ಅದರ ಎರಡು ನಕಲು ಮಾಡಿಸಿ, ಒಂದನ್ನು ನನ್ನ ಆಫೀಸಿನ ಕಪಾಟಿನಲ್ಲಿಟ್ಟಿದ್ದೇನೆ. ಆ ಎರಡು ಡಿಸ್ಕನ್ನು ಒಂದೂ ಕೊಟೇಶನ್ ತರಿಸದೆ, ಬೆಲೆಯ ಚೀಟಿ ತಿರುಗಿಸಿಯೂ ನೋಡದೆ ಕೊಂಡೆ. ನಮ್ಮ ವಿಭಾಗದವರಿಗೆ ಗೊತ್ತಾದರೆ ಕೆಲಸದಿಂದ ತೆಗೆದಾರು.

ಅತ್ತೆ, ಕೇಳಿಸಿತು.

ಮೊದಲು ತೆರೆದದ್ದು ರೈಲು ನಿಲ್ದಾಣದ ಕಾಯುವ ಕೋಣೆ. ಒಂದು ಗಾಳಿ ತುಂಬಿದ ದೊಡ್ಡ ಹಜಾರ ಎಂದು ಕೂಡಲೇ ತಿಳಿಯುತ್ತದೆ, ಎಲ್ಲೋ ಹಾರುವ ಪಾರಿವಾಳ, ಅದರ ಹಿಂದೆ ಅಪ್ಪ. ಗುರುತು ಹಿಡಿಯಲು ಕಣ್ಣು ಮುಚ್ಚಬೇಕಾಗಲಿಲ್ಲ, ತಾಳ್ಮೆಯೂ ಬೇಕಾಗಲಿಲ್ಲ. ಚಿಕ್ಕವಳಿದ್ದಾಗ ಕೇಳಿಯೂ ಏನೂ ಇಲ್ಲವೆಂದೆನಲ್ಲ, ಆಗ ಅದು ಮನೆಯಲ್ಲಿ ದಿನವೂ ಇದ್ದ ಸದ್ದು. ಹೇಗಿದೆ ಎಂದು ಕೇಳಿದ್ದಿರಿ. ಒಳಗೆ ಎಳೆದುಕೊಳ್ಳುವಾಗ ಸಣ್ಣ ಸೀಟಿ, ಕೊನೆಯಲ್ಲಿ ಬಾಗಿಲು ಅಂಟಿಕೊಂಡ ಹಾಗೆ ಒಂದು ತಡೆ, ಬಿಡುವಾಗ ಉದ್ದಕ್ಕೆ ಗೊರಗೊರ. ಚಿಕ್ಕವಳಿದ್ದಾಗ ಅವರ ಎದೆಯ ಮೇಲೆ ಕಿವಿಯಿಟ್ಟು ಮಲಗಿದರೆ ಒಳಗೆ ಬೆಕ್ಕಿದೆ ಎಂದು ಹೇಳುತ್ತಿದ್ದರು. ನಾನು ನಂಬಿದ್ದೆ. ಆ ಬೆಕ್ಕು ಇನ್ನೂ ಇದೆ ಅತ್ತೆ. 'ಆಸ್ಪತ್ರೆ ವಾರ್ಡು, ಖಾಲಿ ಕೋಣೆ' ಎಂಬುದನ್ನು ಕೇಳುವಾಗ ನಡುವೆ ಯಾರೋ ಸಿಟ್ಟಿನಿಂದ ನಾಲಿಗೆಯಲ್ಲಿ ಲೊಚ್ ಎಂದು ಸದ್ದು ಮಾಡುತ್ತಾರೆ. ಅದಾದ ಮೇಲೆ ಅಪ್ಪ ಉಸಿರು ಬಿಗಿಹಿಡಿಯುತ್ತಾರೆ, ಹಿಡಿದು ಹಿಡಿದು ಬಿಟ್ಟುಬಿಡುತ್ತಾರೆ. ಲೊಚ್ ಎಂದವರು ಯಾರೆಂದು ನಾನು ಬರೆಯಬೇಕಿಲ್ಲ.

ನೀವು ಹೇಳಿದ್ದು ನಿಜ. ಮಾತಿಲ್ಲ. ನನಗೆ ಯಾವತ್ತೂ ಒಂದು ಮಾತು ಬೇಕಿತ್ತು, ನನ್ನ ಹೆಸರು ಕರೆದದ್ದಾದರೂ ಸರಿ ಎಂದು. ಇದು ಸಾಲದೆ ಹೋದೀತೆಂಬ ಭಯ ನನಗೂ ಇತ್ತು. ಸಾಲದೆ ಹೋಗಲಿಲ್ಲ ಎಂದು ನಿಮಗೆ ಬರೆದು ತಿಳಿಸಬೇಕೆಂದೇ ಈ ಕಾಗದ.

ಅಮ್ಮನಿಗೆ ಕೇಳಿಸಬೇಕೋ ಬೇಡವೋ ಎಂದು ಎರಡು ದಿನ ಹಿಂದೆಮುಂದೆ ನೋಡಿದೆ. ಅವಳು ಆ ಕೋಣೆಯ ಮೇಲಿನ ಸಿಟ್ಟನ್ನು ಇಷ್ಟು ವರ್ಷ ಕಾಪಾಡಿಕೊಂಡು ಬಂದವಳು. ನಿನ್ನೆ ಮಧ್ಯಾಹ್ನ ಊಟ ಮುಗಿದು ಅವಳು ಅಂಗಾತ ಮಲಗಿದ್ದಾಗ, ಏನೆಂದು ಹೇಳದೆ ಹೆಡ್‌ಫೋನನ್ನು ಅವಳ ಕಿವಿಗೆ ಸಿಕ್ಕಿಸಿ, ಆ ಕಾಯುವ ಕೋಣೆಯನ್ನೇ ಹಾಕಿದೆ. ಇದೇನು ಹೊಸ ಚಿಕಿತ್ಸೆಯೇ ಎಂದು ಗೊಣಗಿದಳು. ಆಮೇಲೆ ಗೊಣಗಾಟ ನಿಂತಿತು. ಕಣ್ಣು ಮುಚ್ಚಿದಳು. ಅಳುತ್ತಾಳೆಂದು ನಾನು ಪಕ್ಕದಲ್ಲೇ ನಿಂತಿದ್ದೆ. ಅಳಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ಕೈ ಹಾಸಿಗೆಯ ಆ ಕಡೆಯ ಖಾಲಿ ಜಾಗಕ್ಕೆ ಸರಿದು, ಹೊದಿಕೆಯನ್ನು ಮೆಲ್ಲಗೆ ತಳ್ಳಿತು.

"ರೀ, ಸ್ವಲ್ಪ ಮಗ್ಗುಲಾಗಿ ಮಲಗಿ" ಅಂದಳು.

ಹೆಡ್‌ಫೋನನ್ನು ನನಗೆ ಇನ್ನೂ ವಾಪಸು ಕೊಟ್ಟಿಲ್ಲ.

ನಿಮ್ಮ
ಚೂಟಿ